ಸಾಮಾಜಿಕ ಮಾಧ್ಯಮ ಮತ್ತು ಮನೆಯ ಮೂರು ತಲೆಮಾರುಗಳು

(ಚೆನ್ನೈ ಮಹಾನಗರದ ಅಣ್ಣಾ ನಗರದಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳ ಸಭೆಯೊಂದರಲ್ಲಿ ನೀಡಿದ ಉಪನ್ಯಾಸದ ಪೂರ್ಣ ಪಾಠ)



ಈ ಸಭೆಗೆ ಬರುವ ಮುನ್ನ ನಾನು ಇಲ್ಲಿನ ಗೋಪುರದ ಉದ್ಯಾನದಲ್ಲಿ ಅರ್ಧ ಗಂಟೆ ಕುಳಿತಿದ್ದೆ. ಬೆಂಚಿನ ಮೇಲೆ ಹಿರಿಯರೊಬ್ಬರು ಮೊಬೈಲನ್ನು ಮುಖದಿಂದ ಒಂದು ಮೊಳ ದೂರ ಹಿಡಿದು, ಯಾರೋ ಕಳುಹಿಸಿದ ಆರೋಗ್ಯದ ಉಪದೇಶವನ್ನು ಸುತ್ತಲಿನವರಿಗೆಲ್ಲ ಕೇಳುವಂತೆ ಆಲಿಸುತ್ತಿದ್ದರು. ನಡಿಗೆಯ ಹಾದಿಯಲ್ಲಿ ನಲವತ್ತೈದರ ಆಸುಪಾಸಿನ ಗೃಹಸ್ಥರೊಬ್ಬರು ಕಚೇರಿಯ ವ್ಯವಹಾರವನ್ನು ಫೋನಿನಲ್ಲಿ ಮಾತನಾಡುತ್ತಲೇ ಮೂರು ಸುತ್ತು ಹಾಕಿದರು. ಗೋಪುರದ ಮುಂದೆ ಕಾಲೇಜಿನ ನಾಲ್ವರು ಹುಡುಗಿಯರು ಅರ್ಧ ನಿಮಿಷದ ದೃಶ್ಯವೊಂದನ್ನು ಏಳು ಬಾರಿ ಚಿತ್ರಿಸಿ, ಏಳನೆಯದೂ ಒಪ್ಪಿಗೆಯಾಗದೆ ನಕ್ಕು ಹೊರಟುಹೋದರು. ಎಲ್ಲರ ಕೈಯಲ್ಲಿದ್ದುದು ಒಂದೇ ಬಗೆಯ ಉಪಕರಣ. ಆದರೆ ಅದರಿಂದ ಅವರು ಬಯಸುತ್ತಿದ್ದುದು ಮೂರು ಬೇರೆ ಬೇರೆ ವಸ್ತುಗಳನ್ನು. ನಾನು ಇಂದು ತಮ್ಮ ಮುಂದಿಡಬೇಕೆಂದಿರುವ ವಿಷಯವು ಇದೇ ಆಗಿದೆ.

ಆ ಗೋಪುರದ ಬಗೆಗೆ ಒಂದು ಮಾತು. 1968ರಲ್ಲಿ ಇಲ್ಲಿ ನಡೆದ ವ್ಯಾಪಾರ ಮತ್ತು ಕೈಗಾರಿಕಾ ಮೇಳಕ್ಕಾಗಿ ಕಟ್ಟಿದ, 135 ಅಡಿ ಎತ್ತರದ ಆ ಕಟ್ಟಡಕ್ಕೆ ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರನ್ನಿಡಲಾಗಿದೆ. ಇಲ್ಲಿನ ಜನರು ಅದನ್ನು ಸುಮ್ಮನೆ 'ಟವರ್' ಎನ್ನುತ್ತಾರಾದ್ದರಿಂದ ನಮ್ಮವರಲ್ಲಿಯೇ ಎಷ್ಟೋ ಮಂದಿಗೆ ಈ ಸಂಗತಿ ತಿಳಿದಿಲ್ಲ. 2011ರಿಂದ ಮೇಲೆ ಹತ್ತಲು ಅವಕಾಶವಿರಲಿಲ್ಲ. ದುರಸ್ತಿಯ ಬಳಿಕ 2023ರಲ್ಲಿ ಅದನ್ನು ಪುನಃ ತೆರೆಯಲಾಯಿತು. ಮೇಳವು ಮುಗಿದ ಮೇಲೆ ನಡುವಕ್ಕರೈ ಎಂಬ ಹಳ್ಳಿಯಿದ್ದ ಈ ನೆಲದಲ್ಲಿ ಅಗಲವಾದ ಬೀದಿಗಳ ಬಡಾವಣೆ ಬೆಳೆಯಿತು. ಆಗ ಬ್ಯಾಂಕು, ರೈಲ್ವೆ, ಅಂಚೆ ಮೊದಲಾದ ಇಲಾಖೆಗಳ ನೌಕರಿಯ ನಿಮಿತ್ತ ಮದ್ರಾಸಿಗೆ ಬಂದು ಇಲ್ಲಿ ಮನೆ ಮಾಡಿದವರು ಇಂದು ಅಜ್ಜ ಅಜ್ಜಿಯರಾಗಿ ಈ ಸಭೆಯ ಮುಂದಿನ ಸಾಲಿನಲ್ಲಿ ಕುಳಿತಿದ್ದೀರಿ.

ತಮಗೆ ನೆನಪಿರಬಹುದು: ಆ ಕಾಲದಲ್ಲಿ ಮನೆಗೆ ದೂರವಾಣಿ ಬರಬೇಕಾದರೆ ಅರ್ಜಿ ಹಾಕಿ ವರ್ಷಗಟ್ಟಲೆ ಕಾಯಬೇಕಾಗಿತ್ತು. ಒಂದು ಸಾಲಿನಲ್ಲಿ ಒಂದು ಮನೆಗೆ ಫೋನು ಇದ್ದರೆ ಹೆಚ್ಚು. ಉಳಿದವರು ಆ ಮನೆಯ ಸಂಖ್ಯೆಯನ್ನೇ ತಮ್ಮ ವಿಳಾಸದ ಕೆಳಗೆ ಬರೆದು, ಪಕ್ಕದಲ್ಲಿ 'ಪಿ.ಪಿ.' ಎಂಬ ಎರಡು ಅಕ್ಷರಗಳನ್ನು ಸೇರಿಸುತ್ತಿದ್ದರು. ಊರಿನಿಂದ ಟ್ರಂಕ್ ಕಾಲ್ ಬಂದರೆ ಆ ಮನೆಯ ಹುಡುಗ ಓಡಿಬಂದು ಕರೆಯುತ್ತಿದ್ದ. ನೀವು ಅವರ ನಡುಮನೆಯಲ್ಲಿ ನಿಂತು, ಅವರೆಲ್ಲರ ಸಮ್ಮುಖದಲ್ಲಿ, ಎತ್ತರದ ದನಿಯಲ್ಲಿ ಮಾತನಾಡುತ್ತಿದ್ದಿರಿ. ಸಂತೋಷದ ಸುದ್ದಿಯಾದರೆ ಅವರೇ ಸಕ್ಕರೆ ಕೊಡುತ್ತಿದ್ದರು. ದುಃಖದ ಸುದ್ದಿಯಾದರೆ ಕುಳಿತುಕೊಳ್ಳಲು ಕುರ್ಚಿ ಎಳೆಯುತ್ತಿದ್ದರು. ಆ ವ್ಯವಸ್ಥೆಯನ್ನು ನಾನು ಹೊಗಳುತ್ತಿಲ್ಲ. ಅದರಲ್ಲಿ ಗುಟ್ಟೆಂಬುದೇ ಇರಲಿಲ್ಲ, ಮುಜುಗರವೂ ಸಾಕಷ್ಟಿತ್ತು. ಆದರೆ ಹೊರಗಿನಿಂದ ಬರುವ ಪ್ರತಿಯೊಂದು ಮಾತಿಗೂ ಅಲ್ಲಿ ಒಬ್ಬ ಸಾಕ್ಷಿ ಇರುತ್ತಿದ್ದ ಎಂಬುದನ್ನು ದಯವಿಟ್ಟು ಗಮನದಲ್ಲಿಡಿ. ಮುಂದೆ ಆ ಮಾತಿಗೆ ಮರಳುತ್ತೇನೆ.

1995ರ ಆಗಸ್ಟ್ 15ರಂದು ವಿದೇಶ ಸಂಚಾರ ನಿಗಮವು ನಮ್ಮ ದೇಶದಲ್ಲಿ ಸಾರ್ವಜನಿಕರಿಗೆ ಅಂತರಜಾಲ ಸೇವೆಯನ್ನು ಆರಂಭಿಸಿದಾಗ, ಅದು ದೊರೆತ ಮೊದಲ ನಗರಗಳಲ್ಲಿ ಮದ್ರಾಸೂ ಒಂದಾಗಿತ್ತು. ಕೆಲವು ವರ್ಷಗಳಲ್ಲಿಯೇ 'ಬ್ರೌಸಿಂಗ್ ಸೆಂಟರ್' ಎಂಬ ಫಲಕಗಳು ನಗರದ ಬೀದಿಗಳಲ್ಲಿ ಕಾಣಿಸಿಕೊಂಡವು. ಅಮೆರಿಕದಲ್ಲಿದ್ದ ಮಗನ ಮಿಂಚಂಚೆಯನ್ನು ಓದಲು ಗಂಟೆಗೆ ಇಷ್ಟೆಂದು ತೆತ್ತು ಅಲ್ಲಿ ಕುಳಿತ ತಂದೆಯರೂ ಈ ಸಭೆಯಲ್ಲಿರಬಹುದು. ಅನಂತರ ಗಣಕಯಂತ್ರವು ಮನೆಗೆ ಬಂದಿತು. ಬಂದರೂ ನಡುಮನೆಯಲ್ಲಿ, ಎಲ್ಲರಿಗೂ ಕಾಣುವ ಮೂಲೆಯಲ್ಲಿ ಅದರ ಸ್ಥಾನವಿತ್ತು. 2004ರಲ್ಲಿ ಆರಂಭವಾಗಿ 2014ರಲ್ಲಿ ಮುಚ್ಚಿಹೋದ ಆರ್ಕುಟ್ ಎಂಬ ತಾಣದಲ್ಲಿ ಹಳೆಯ ಸಹಪಾಠಿಗಳನ್ನು ಹುಡುಕಿದ ತಲೆಮಾರಿನವರು ಈಗ ಮಧ್ಯವಯಸ್ಸಿನ ಗೃಹಸ್ಥರಾಗಿದ್ದಾರೆ. 2016ರ ಬಳಿಕ ಅಂತರಜಾಲದ ಬಳಕೆ ಅಗ್ಗವಾಯಿತು. 2020ರ ಮಹಾಮಾರಿಯ ಕಾಲದಲ್ಲಿ ಪಾಠಗಳೆಲ್ಲ ಮೊಬೈಲಿನಲ್ಲಿಯೇ ನಡೆಯಬೇಕಾಗಿ ಬಂದುದರಿಂದ, ಅದುವರೆಗೆ 'ಬೇಡ' ಎನ್ನುತ್ತಿದ್ದ ತಾಯಿತಂದೆಯರೇ ಮಕ್ಕಳ ಕೈಗೆ ಅದನ್ನು ಇಟ್ಟರು. ಹೀಗೆ ನೆರೆಮನೆಯಿಂದ ನಡುಮನೆಗೆ, ನಡುಮನೆಯಿಂದ ಜೇಬಿಗೆ, ಜೇಬಿನಿಂದ ಹಾಸಿಗೆಯ ತಲೆದಿಂಬಿನ ಕೆಳಗೆ ಬರುವಷ್ಟರಲ್ಲಿ ಆ ಸಾಕ್ಷಿಯು ಕಣ್ಮರೆಯಾಗಿದ್ದಾನೆ.

ಈಗ ಮೂರು ತಲೆಮಾರುಗಳ ರೀತಿನೀತಿಗಳನ್ನು ನೋಡೋಣ.

ಹಿರಿಯರಿಗೆ ಸಂದೇಶವೆಂದರೆ ಕಾಗದ. ಕಾಗದ ಬಂದರೆ ಉತ್ತರಿಸಬೇಕು; ಗೊತ್ತಿದ್ದವರಿಂದ ಬಂದ ಕಾಗದವನ್ನು ನಂಬಬೇಕು; ಅದರಲ್ಲಿ ಒಳ್ಳೆಯ ಮಾತಿದ್ದರೆ ನಾಲ್ಕು ಜನರಿಗೆ ಹಂಚಬೇಕು. ಈ ಮೂರೂ ಸದ್ಗುಣಗಳೇ. ಅಂಚೆಯ ಕಾಲದಲ್ಲಿ ಇವುಗಳಿಂದ ಯಾರಿಗೂ ಕೇಡಾಗಲಿಲ್ಲ. ಬೆಳಗಿನ ಜಾವ ಐದಕ್ಕೆ ಹೂವಿನ ಚಿತ್ರದೊಂದಿಗೆ ಬರುವ 'ಶುಭೋದಯ'ವನ್ನು ಕಂಡು ಮೊಮ್ಮಕ್ಕಳು ನಗುತ್ತಾರೆ. ನಾನೂ ಒಂದು ಕಾಲದಲ್ಲಿ ನಕ್ಕವನೇ. ಆದರೆ ಈ ಬಡಾವಣೆಯಲ್ಲಿ ಒಂಟಿಯಾಗಿ ಬಾಳುತ್ತಿರುವ ತಾಯಿಯೊಬ್ಬರು ನನಗೆ ಹೇಳಿದ ಮಾತಿನಿಂದ ನನ್ನ ಅಭಿಪ್ರಾಯ ಬದಲಾಯಿತು. ಅವರ ಗುಂಪಿನಲ್ಲಿ ಹನ್ನೊಂದು ಮಂದಿ ಗೆಳತಿಯರು. ಎಂಟು ಗಂಟೆಯೊಳಗೆ ಯಾರ ಶುಭೋದಯ ಬರಲಿಲ್ಲವೋ ಅವರಿಗೆ ಮತ್ತೊಬ್ಬರು ಫೋನು ಮಾಡಲೇಬೇಕೆಂಬುದು ಅವರ ನಿಯಮ. ಹಾಗೆ ಮಾಡಿದ್ದರಿಂದಲೇ, ಸ್ನಾನದ ಮನೆಯಲ್ಲಿ ಜಾರಿಬಿದ್ದಿದ್ದ ಒಬ್ಬರಿಗೆ ಒಮ್ಮೆ ಸಕಾಲದಲ್ಲಿ ನೆರವು ಒದಗಿತಂತೆ. ಹೂವಿನ ಚಿತ್ರವೆಂದು ನಾವು ಹಗುರವಾಗಿ ಕಂಡದ್ದು ಅವರಿಗೆ ಹಾಜರಿ ಪುಸ್ತಕವಾಗಿದೆ.

ನಡುವಯಸ್ಸಿನವರಿಗೆ ಸಂದೇಶವೆಂದರೆ ಸೂಚನಾಪತ್ರ. ಶಾಲೆಯ ತರಗತಿಯ ಗುಂಪು, ವಸತಿ ಸಮುಚ್ಚಯದ ನೀರಿನ ಟ್ಯಾಂಕರಿನ ಗುಂಪು, ಕಚೇರಿಯದು ಎರಡು ಮೂರು, ಊರಿನ ನೆಂಟರದು ಒಂದು. ಇಷ್ಟನ್ನೂ ಅವರು ಓದುತ್ತಾರೆ, ಬಹುಮಟ್ಟಿಗೆ ಉತ್ತರಿಸುವುದಿಲ್ಲ. ತಾಯಿ ಕಳುಹಿಸಿದ ಕಾಗದವು ಮಗನಿಗೆ ಸೂಚನಾಪತ್ರವಾಗಿ ತಲುಪುತ್ತದೆ. ಅವನು ಓದಿದನೆಂಬ ನೀಲಿ ಗೆರೆಗಳನ್ನು ಕಂಡು ತಾಯಿ ಉತ್ತರಕ್ಕಾಗಿ ಸಂಜೆಯವರೆಗೆ ಕಾಯುತ್ತಾಳೆ. ಮನೆಮನೆಗಳ ಎಷ್ಟೋ ಸಣ್ಣ ಮುನಿಸುಗಳಿಗೆ ಇದೇ ಮೂಲ.

ಕಿರಿಯರ ಲೋಕ ಇನ್ನೊಂದು ಬಗೆಯದು. ಅವರಿಗೆ ಸಂದೇಶವೆಂದರೆ ಜಗಲಿಯ ಮೇಲಿನ ಹರಟೆ. ಆಡಿದ ಮಾತು ಅಲ್ಲಿಯೇ ಕರಗಬೇಕು. ಇಪ್ಪತ್ತನಾಲ್ಕು ಗಂಟೆಗಳಲ್ಲಿ ತಾನಾಗಿಯೇ ಮಾಯವಾಗುವ ಚಿತ್ರಗಳು ಅವರಿಗೆ ಪ್ರಿಯವಾಗಿರುವುದು ಇದೇ ಕಾರಣದಿಂದ. 2010ರಲ್ಲಿ ಆರಂಭವಾದ ಇನ್‌ಸ್ಟಾಗ್ರಾಮ್‌ನಲ್ಲಿ ಹಲವು ಮಕ್ಕಳು ಎರಡು ಖಾತೆಗಳನ್ನು ಇಟ್ಟುಕೊಂಡಿರುತ್ತಾರೆ: ಸೋದರಮಾವ, ಚಿಕ್ಕಮ್ಮಂದಿರು ನೋಡುವುದಕ್ಕೆ ಒಂದು, ಆಪ್ತ ಗೆಳೆಯರಿಗೆ ಇನ್ನೊಂದು. ಇದನ್ನು ಕೇಳಿ ಇಲ್ಲಿನ ಕೆಲವು ತಂದೆಯರು ಹುಬ್ಬೇರಿಸುತ್ತಿರುವುದು ಕಾಣುತ್ತಿದೆ. ತಾವು ಹದಿನಾರರ ವಯಸ್ಸಿನಲ್ಲಿ ಮನೆಯವರೊಡನೆ ಆಡಿದ ಮಾತನ್ನೇ ಗೆಳೆಯರೊಡನೆಯೂ ಆಡುತ್ತಿದ್ದಿರಾ? 2020ರ ಜೂನ್‌ನಲ್ಲಿ ಕೇಂದ್ರ ಸರ್ಕಾರವು ಟಿಕ್‌ಟಾಕ್ ತಾಣವನ್ನು ನಿಷೇಧಿಸಿದ ಮೇಲೂ ಕಿರುದೃಶ್ಯಗಳ ಅಭಿರುಚಿ ಮಾತ್ರ ಅಳಿಯಲಿಲ್ಲ. ಅದು ಬೇರೆ ತಾಣಗಳಿಗೆ ಹರಿಯಿತು. ಇನ್ನು ಕಿರಿಯರೆಲ್ಲರೂ ಕಾಲಹರಣ ಮಾಡುತ್ತಾರೆಂಬುದೂ ಸಲ್ಲದ ಮಾತು. ನಾಗರಿಕ ಸೇವಾ ಪರೀಕ್ಷೆಗಳ ತರಬೇತಿಗೆ ಹೆಸರಾದ ಈ ಅಣ್ಣಾ ನಗರದಲ್ಲಿ, ದೂರದ ಜಿಲ್ಲೆಗಳಿಂದ ಬಂದು ಬಾಡಿಗೆ ಕೋಣೆಗಳಲ್ಲಿರುವ ತರುಣರು ಪತ್ರಿಕೆಗಳ ಸಾರಾಂಶವನ್ನೂ ಹಳೆಯ ಪ್ರಶ್ನೆಪತ್ರಿಕೆಗಳನ್ನೂ ಪರಸ್ಪರ ಹಂಚಿಕೊಳ್ಳುವುದು ಈ ಮಾಧ್ಯಮದ ಮೂಲಕವೇ. ಗ್ರಾಮೀಣ ಭಾರತದ ಶಿಕ್ಷಣ ಸ್ಥಿತಿಯನ್ನು ಕುರಿತ 'ಅಸರ್' ವರದಿಯ 2024ರ ಆವೃತ್ತಿಯ ಪ್ರಕಾರ, 14ರಿಂದ 16ರ ವಯಸ್ಸಿನ ಮಕ್ಕಳಲ್ಲಿ ಶೇಕಡಾ 82ಕ್ಕೂ ಹೆಚ್ಚು ಮಂದಿಗೆ ಸ್ಮಾರ್ಟ್‌ಫೋನ್ ಬಳಸಲು ಬರುತ್ತದೆ. ಅವರಲ್ಲಿ ಶೇಕಡಾ 57ರಷ್ಟು ಮಕ್ಕಳು ಹಿಂದಿನ ವಾರದಲ್ಲಿ ಅದನ್ನು ವ್ಯಾಸಂಗಕ್ಕೂ, ಶೇಕಡಾ 76ರಷ್ಟು ಮಕ್ಕಳು ಸಾಮಾಜಿಕ ಮಾಧ್ಯಮಕ್ಕೂ ಬಳಸಿದ್ದರು. ಎರಡನ್ನೂ ಮಾಡಿದವರು ಅನೇಕರಿದ್ದರೆಂಬುದು ಈ ಅಂಕಿಗಳಿಂದಲೇ ಸ್ಪಷ್ಟವಾಗುತ್ತದೆ.

ಹೊರನಾಡ ಕನ್ನಡ ಕುಟುಂಬಗಳಿಗೆ ಇದರ ಮೇಲೆ ಮತ್ತೊಂದು ತೊಡಕು ಉಂಟು. ಮೈಸೂರಿನಲ್ಲಿಯೋ ಧಾರವಾಡದಲ್ಲಿಯೋ ಮಾತನಾಡುವವರಿಗೆ ಇದನ್ನು ಹೇಳುವ ಅಗತ್ಯ ಅಷ್ಟಾಗಿ ಬೀಳುವುದಿಲ್ಲ. ಕೋಲಾರದಲ್ಲಿಯೋ ಚಿತ್ರದುರ್ಗದಲ್ಲಿಯೋ ಓದಿ ಮದುವೆಯಾಗಿ ಬಂದ ಅಜ್ಜಿಗೆ ಕನ್ನಡ ಅಕ್ಷರ ಬರುತ್ತದೆ. ಇಲ್ಲಿ ಹುಟ್ಟಿ ಬೆಳೆದ ಮಗನು ಕನ್ನಡವನ್ನು ನಿರರ್ಗಳವಾಗಿ ಮಾತನಾಡುತ್ತಾನೆ. ಆದರೆ ಓದುವುದು ತಡವರಿಸುತ್ತ. ಮೊಮ್ಮಗಳಿಗೆ ಇಂಗ್ಲಿಷ್ ಅಕ್ಷರ, ತಮಿಳು ಅಕ್ಷರ ಬರುತ್ತವೆ. ಕನ್ನಡ ಅಕ್ಷರ ಬರುವುದಿಲ್ಲ. 2006ರ ಕಾಯ್ದೆಯ ಅನಂತರ ಈ ರಾಜ್ಯದ ಶಾಲೆಗಳಲ್ಲಿ ತಮಿಳು ಕಲಿಕೆ ಹಂತಹಂತವಾಗಿ ಕಡ್ಡಾಯವಾಗಿದೆ. ಬಾಳುವ ನೆಲದ ಭಾಷೆಯನ್ನು ಕಲಿಯುವುದು ಯೋಗ್ಯವೇ. ಅದರ ಪಕ್ಕದಲ್ಲಿ ಮನೆಮಾತಿನ ಲಿಪಿಗೆ ಸ್ಥಳ ಮಾಡಿಕೊಡುವ ಕೆಲಸ ಮನೆಯವರ ಪಾಲಿಗೆ ಉಳಿಯಿತು, ಅದು ಹೆಚ್ಚಿನ ಮನೆಗಳಲ್ಲಿ ಆಗಲಿಲ್ಲ. ಇದರ ಫಲವೇನು? ಕುಟುಂಬದ ಗುಂಪಿನಲ್ಲಿ ಅಜ್ಜಿ ಕನ್ನಡ ಲಿಪಿಯಲ್ಲಿ ಬರೆಯುತ್ತಾಳೆ. ಮೊಮ್ಮಗಳು 'ಅಜ್ಜಿ, ಊಟ ಆಯ್ತಾ' ಎಂಬ ಅಚ್ಚಕನ್ನಡದ ಮಾತನ್ನೇ ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯುತ್ತಾಳೆ. ಇಬ್ಬರದೂ ಒಂದೇ ಭಾಷೆ. ಒಬ್ಬರು ಬರೆದದ್ದನ್ನು ಇನ್ನೊಬ್ಬರು ಓದಲಾರರು. ನಡುವೆ ಮಗನು ದ್ವಿಭಾಷಿಯಂತೆ ನಿಲ್ಲಬೇಕು, ಅವನಿಗೋ ಪುರಸೊತ್ತಿಲ್ಲ.

ಯಂತ್ರದ ಕಡೆಯಿಂದ ಕೊರತೆ ಇದೆಯೆಂದು ಹೇಳುವಂತಿಲ್ಲ. 1991ರಲ್ಲಿ ಪ್ರಕಟವಾದ ಯುನಿಕೋಡ್ ಶಿಷ್ಟತೆಯ ಮೊದಲ ಆವೃತ್ತಿಯಲ್ಲಿಯೇ ಕನ್ನಡ ಲಿಪಿಗೆ ಸ್ಥಾನ ದೊರೆತಿತ್ತು. ಶ್ರೀ ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆಯ ವಿನ್ಯಾಸ, 1998ರಲ್ಲಿ ಬಂದ 'ಬರಹ', ಕನ್ನಡ ಗಣಕ ಪರಿಷತ್ತಿನ 'ನುಡಿ' ಇವು ಗಣಕಯಂತ್ರದಲ್ಲಿ ಕನ್ನಡವನ್ನು ಸುಲಭವಾಗಿಸಿದವು. 2017ರ ಆಗಸ್ಟ್‌ನಿಂದ ಗೂಗಲ್ ಸಂಸ್ಥೆಯ ಸೌಲಭ್ಯದಲ್ಲಿ ಕನ್ನಡದಲ್ಲಿ ಮಾತನಾಡಿದರೆ ಫೋನು ತಾನೇ ಅಕ್ಷರವನ್ನು ಮೂಡಿಸುತ್ತದೆ. ಆದರೆ ಬಡಾವಣೆಯ ಮನೆಗಳಲ್ಲಿ ಜನರು ಕಂಡುಕೊಂಡಿರುವ ಪರಿಹಾರ ಇನ್ನೂ ಸರಳವಾದುದು: ಅದು ಧ್ವನಿ ಸಂದೇಶ. ನನ್ನ ಪರಿಚಯದ ಮನೆಯೊಂದರಲ್ಲಿ ಮೊಮ್ಮಗಳು ಕಾಲೇಜಿಗೆ ಹೋಗುವ ಮೆಟ್ರೊ ರೈಲಿನಲ್ಲಿ ಕುಳಿತು ದಿನಕ್ಕೊಂದು ಧ್ವನಿ ಸಂದೇಶವನ್ನು ಅಜ್ಜಿಗೆ ಕಳುಹಿಸುತ್ತಾಳೆ. ಅಜ್ಜಿ ಸಾರಿನ ಹದವನ್ನೋ, ತನ್ನ ತವರಿನ ಜಾತ್ರೆಯನ್ನೋ ಹೇಳಿ ಮರಳಿಸುತ್ತಾಳೆ. ಮಧ್ಯಾಹ್ನ ಮಲಗುವ ಮುನ್ನ ಹಳೆಯದನ್ನು ಮತ್ತೆ ಹಾಕಿಕೊಂಡು ಕೇಳುತ್ತಾಳೆ. ಲಿಪಿಯು ಮುರಿದಲ್ಲಿ ದನಿಯು ಸೇತುವೆಯಾಗಿದೆ. ಲಿಪಿಯನ್ನು ಇದರಿಂದ ತುಂಬಿಕೊಳ್ಳಬಹುದೆಂದು ನಾನು ಒಪ್ಪುವುದಿಲ್ಲ. ಅಜ್ಜಿ ಬರೆದಿಟ್ಟ ದಿನಚರಿ ಆ ಮನೆಯಲ್ಲಿ ಮುಂದೆ ಯಾರಿಗೂ ಓದಲು ಬಾರದೆ ಉಳಿದೀತೆಂಬ ಅಂಜಿಕೆ ನನಗಿದೆ.

ಇನ್ನು ಕೇಡಿನ ವಿಚಾರಕ್ಕೆ ಬರುತ್ತೇನೆ. 2015ರ ಡಿಸೆಂಬರ್ ಮೊದಲ ವಾರದಲ್ಲಿ ಈ ನಗರವು ಪ್ರವಾಹದಲ್ಲಿ ಮುಳುಗಿದಾಗ, ಮನೆಯಲ್ಲಿ ಎಷ್ಟು ಜನರಿಗೆ ಸ್ಥಳವಿದೆ, ಎಲ್ಲಿ ಊಟ ಸಿದ್ಧವಿದೆ, ಎಲ್ಲಿ ದೋಣಿ ಬೇಕಾಗಿದೆ ಎಂಬ ಪಟ್ಟಿಗಳನ್ನು ತರುಣರು ಅಂತರಜಾಲದಲ್ಲಿಯೇ ಸಿದ್ಧಪಡಿಸಿ ಹಂಚಿದರು. ಗುರುತು ಪರಿಚಯವಿಲ್ಲದವರು ಪರಸ್ಪರ ಬಾಗಿಲು ತೆರೆದರು. ಅದೇ ದಿನಗಳಲ್ಲಿ, ಅದೇ ಫೋನುಗಳಲ್ಲಿ, ಮದ್ರಾಸ್ ಮೊಸಳೆ ಉದ್ಯಾನದಿಂದ ಮೊಸಳೆಗಳು ತಪ್ಪಿಸಿಕೊಂಡು ನೀರಿನಲ್ಲಿ ಬರುತ್ತಿವೆಯೆಂಬ ಸುಳ್ಳುಸುದ್ದಿಯೂ ಹರಡಿತು. ಉದ್ಯಾನದವರು ಅದನ್ನು ನಿರಾಕರಿಸಬೇಕಾಯಿತು. ಮೊಸಳೆಯ ಸುದ್ದಿಯಿಂದ ಭಯ ಮಾತ್ರ ಹುಟ್ಟಿತು. ಮೂರು ವರ್ಷಗಳ ಅನಂತರ ಇಂತಹ ಸುದ್ದಿಯೊಂದು ಪ್ರಾಣಗಳನ್ನೇ ತೆಗೆಯಿತು. 2018ರ ಮೇ ತಿಂಗಳಲ್ಲಿ ಚೆನ್ನೈನ ಕುಟುಂಬವೊಂದು ತಿರುವಣ್ಣಾಮಲೈ ಜಿಲ್ಲೆಯ ಪೋಳೂರಿನ ಬಳಿ ಮನೆದೇವರ ದರ್ಶನಕ್ಕೆ ಹೋಗಿತ್ತು. ಹಾದಿಯಲ್ಲಿ ಆಡುತ್ತಿದ್ದ ಮಕ್ಕಳಿಗೆ ಆ ಕುಟುಂಬದ ವೃದ್ಧೆ ಚಾಕೊಲೇಟು ಕೊಟ್ಟರು. ಮಕ್ಕಳ ಕಳ್ಳರು ಬಂದಿದ್ದಾರೆಂಬ ವಾಟ್ಸ್‌ಆಪ್ ಸಂದೇಶಗಳನ್ನು ನೋಡಿ ಉದ್ವಿಗ್ನರಾಗಿದ್ದ ಜನರು ಆಕೆಯನ್ನು ಹೊಡೆದು ಕೊಂದರು. ಅದೇ ತಿಂಗಳು ಬೆಂಗಳೂರಿನ ಚಾಮರಾಜಪೇಟೆಯಲ್ಲಿ ರಾಜಸ್ಥಾನದಿಂದ ಬಂದಿದ್ದ ತರುಣನೊಬ್ಬನೂ, ಜುಲೈನಲ್ಲಿ ಬೀದರ್ ಜಿಲ್ಲೆಯಲ್ಲಿ ಹೈದರಾಬಾದಿನ ತಂತ್ರಜ್ಞನೊಬ್ಬನೂ ಇದೇ ವದಂತಿಗೆ ಬಲಿಯಾದರು. ಮಕ್ಕಳಿಗೆ ಸಿಹಿ ಕೊಡುವುದು ನಮ್ಮ ಅಜ್ಜಿಯರೆಲ್ಲರ ಅಭ್ಯಾಸವಾಗಿದೆ. ಆ ಸುದ್ದಿಯನ್ನು ಓದಿದ ರಾತ್ರಿ ನನಗೆ ನಿದ್ರೆ ಬರಲಿಲ್ಲ.

ಆ ಜುಲೈನಲ್ಲಿಯೇ ವಾಟ್ಸ್‌ಆಪ್ ಸಂಸ್ಥೆಯು ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗೆ ಮಾತ್ರ ಮುಂದೂಡಬಹುದೆಂಬ ಮಿತಿಯನ್ನು ಪ್ರಕಟಿಸಿತು. 2020ರ ಏಪ್ರಿಲ್‌ನಿಂದ, ಅನೇಕ ಬಾರಿ ಕೈ ಬದಲಾಯಿಸಿದ ಸಂದೇಶವನ್ನು ಒಮ್ಮೆಗೆ ಒಂದು ಕಡೆಗೆ ಮಾತ್ರ ಕಳುಹಿಸಬಹುದಾಗಿದೆ. ಅದಕ್ಕೆ ಜೋಡಿ ಬಾಣದ ಗುರುತು ಇರುತ್ತದೆ. ಹಿರಿಯರು ದಯವಿಟ್ಟು ಆ ಗುರುತನ್ನು ನೋಡುವ ಅಭ್ಯಾಸ ಮಾಡಿಕೊಳ್ಳಬೇಕು. ಸಂದೇಶವನ್ನು ಕಳುಹಿಸಿದವರು ತಮ್ಮ ಭಾವಮೈದುನರೇ ಇರಬಹುದು, ಆದರೆ ಅದನ್ನು ಬರೆದವರು ಅವರಲ್ಲ ಎಂಬುದಕ್ಕೆ ಆ ಬಾಣಗಳೇ ರುಜುವಾತು. ಕೇಂದ್ರ ಸರ್ಕಾರದ ಯೋಜನೆಗಳ ಹೆಸರಿನಲ್ಲಿ ಬರುವ ಸುದ್ದಿಗಳ ಸತ್ಯಾಸತ್ಯತೆಯನ್ನು ಪರಿಶೀಲಿಸಲು ಪತ್ರಿಕಾ ವಾರ್ತಾ ಕಾರ್ಯಾಲಯವು 2019ರಲ್ಲಿ ಒಂದು ಘಟಕವನ್ನು ಆರಂಭಿಸಿದೆ.

ವದಂತಿಗಿಂತ ಹೆಚ್ಚು ನಯವಾದ ಅಪಾಯವೊಂದು ಇತ್ತೀಚಿನ ವರ್ಷಗಳಲ್ಲಿ ಹಿರಿಯರ ಮನೆಗಳನ್ನು ಹೊಕ್ಕಿದೆ. 'ನಿಮ್ಮ ಹೆಸರಿನ ಪಾರ್ಸೆಲಿನಲ್ಲಿ ಮಾದಕ ವಸ್ತು ಸಿಕ್ಕಿದೆ' ಎಂದೋ, 'ನಿಮ್ಮ ಆಧಾರ್ ಸಂಖ್ಯೆಯಲ್ಲಿ ಪಡೆದ ಸಿಮ್‌ನಿಂದ ಅಪರಾಧ ನಡೆದಿದೆ' ಎಂದೋ ಕರೆ ಬರುತ್ತದೆ. ಬಳಿಕ ವೀಡಿಯೊದಲ್ಲಿ ಪೊಲೀಸ್ ಸಮವಸ್ತ್ರ ಧರಿಸಿದವನು ಕಾಣಿಸಿಕೊಳ್ಳುತ್ತಾನೆ. ಹಿಂದೆ ಕಚೇರಿಯ ಗೋಡೆ, ಲಾಂಛನ, ಎಲ್ಲವೂ ಇರುತ್ತವೆ. ನ್ಯಾಯಾಲಯದ ಮುದ್ರೆಯಿರುವ ನಕಲಿ ಆದೇಶವೂ ಬರುತ್ತದೆ. ನೀವು 'ಡಿಜಿಟಲ್ ಬಂಧನ'ದಲ್ಲಿದ್ದೀರಿ, ಕ್ಯಾಮರಾದ ಮುಂದಿನಿಂದ ಏಳಬಾರದು, ಹಣವನ್ನು ಪರಿಶೀಲನೆಗಾಗಿ ಇಂತಹ ಖಾತೆಗೆ ವರ್ಗಾಯಿಸಿ ಎಂದು ಆಜ್ಞೆಯಾಗುತ್ತದೆ. ನಮ್ಮ ದೇಶದ ಯಾವುದೇ ಕಾನೂನಿನಲ್ಲಿ ಇಂತಹ ಬಂಧನವಿಲ್ಲ. 2024ರ ಅಕ್ಟೋಬರ್ 27ರ 'ಮನದ ಮಾತು' ಪ್ರಸಾರದಲ್ಲಿ ಪ್ರಧಾನಮಂತ್ರಿಗಳು ಇದನ್ನೇ ವಿವರಿಸಿದರು. ಆಗ ಅವರು ಉದಾಹರಣೆಯಾಗಿ ತೋರಿಸಿದ ಸಂಭಾಷಣೆಯು ನಮ್ಮ ವಿಜಯಪುರದ ನಾಗರಿಕರೊಬ್ಬರು ವಂಚಕನ ಕರೆಯನ್ನು ಸಮಯಸ್ಫೂರ್ತಿಯಿಂದ ಮುದ್ರಿಸಿಕೊಂಡದ್ದಾಗಿತ್ತು. ಎಲ್ಲರಿಗೂ ಆ ಧೈರ್ಯ ಇರಲಾರದು. ಹರಿಯಾಣದ ಅಂಬಾಲಾದ ವೃದ್ಧ ದಂಪತಿಗಳು ಒಂದು ಕೋಟಿ ರೂಪಾಯಿಗೂ ಮಿಕ್ಕ ಹಣವನ್ನು ಕಳೆದುಕೊಂಡು ಬರೆದ ದೂರಿನ ಮೇಲೆ 2025ರ ಅಕ್ಟೋಬರ್‌ನಲ್ಲಿ ಸರ್ವೋಚ್ಚ ನ್ಯಾಯಾಲಯವು ಸ್ವಯಂಪ್ರೇರಣೆಯಿಂದ ಪ್ರಕರಣವನ್ನು ಕೈಗೆತ್ತಿಕೊಂಡು, ಡಿಸೆಂಬರ್‌ನಲ್ಲಿ ಇಂತಹ ವಂಚನೆಗಳ ತನಿಖೆಯನ್ನು ಕೇಂದ್ರೀಯ ತನಿಖಾ ದಳಕ್ಕೆ ವಹಿಸಿತು.

ಈ ವಂಚನೆಯಲ್ಲಿ ನನ್ನ ಗಮನ ಸೆಳೆದದ್ದು ಸಮವಸ್ತ್ರವಲ್ಲ, ಮುದ್ರೆಯೂ ಅಲ್ಲ. ವಂಚಕನು ಆರಂಭದಲ್ಲಿಯೇ ವಿಧಿಸುವ ಒಂದು ಷರತ್ತು: 'ಬಾಗಿಲು ಹಾಕಿಕೊಳ್ಳಿ. ಮಗನಿಗೆ ಹೇಳಬೇಡಿ.' ಅವನಿಗೆ ಬೇಕಾಗಿರುವುದು ಸಾಕ್ಷಿಯಿಲ್ಲದ ಕೋಣೆ. ನೆರೆಮನೆಯ ನಡುಮನೆಯಲ್ಲಿ ನಿಂತು ಮಾತನಾಡುತ್ತಿದ್ದ ಕಾಲದಲ್ಲಿ ಈ ಕಳ್ಳತನ ಹತ್ತು ನಿಮಿಷವೂ ನಡೆಯುತ್ತಿರಲಿಲ್ಲ. ಪಕ್ಕದ ಮನೆಯಾಕೆ 'ಯಾರ್ರೀ ಅದು?' ಎಂದು ಕೇಳಿದ್ದರೆ ಸಾಕಾಗಿತ್ತು.

ಇದೇ ಷರತ್ತು ಕಿರಿಯರಿಗೂ ಬರುತ್ತದೆ. ಸ್ನೇಹದ ಹೆಸರಿನಲ್ಲಿ ಅಪರಿಚಿತರು ಹುಡುಗ ಹುಡುಗಿಯರಿಂದ ಖಾಸಗಿ ಚಿತ್ರಗಳನ್ನು ಪಡೆಯುತ್ತಾರೆ, ಇಲ್ಲವೇ ಸಾಮಾನ್ಯ ಭಾವಚಿತ್ರದಿಂದಲೇ ನಕಲಿ ಚಿತ್ರವನ್ನು ಯಂತ್ರದಲ್ಲಿ ಸೃಷ್ಟಿಸುತ್ತಾರೆ. ಹಣ ಕೊಡದಿದ್ದರೆ ನೆಂಟರಿಗೆಲ್ಲ ಕಳುಹಿಸುತ್ತೇವೆ, ಅಪ್ಪನಿಗೆ ಹೇಳಿದರೆ ನೋಡು ಎಂದು ಬೆದರಿಸುತ್ತಾರೆ. ಅಜ್ಜನಿಗೂ ಮೊಮ್ಮಗನಿಗೂ ಒಡ್ಡುವ ಗಾಳಗಳು ಬೇರೆ. ಗಾಳದ ಕೊಕ್ಕೆ ಒಂದೇ. ಅದು ನಾಚಿಕೆ. ಅಜ್ಜನು 'ಈ ವಯಸ್ಸಿನಲ್ಲಿ ಮೋಸ ಹೋದೆನೆಂದರೆ ಮಗ ಬ್ಯಾಂಕಿನ ಪುಸ್ತಕ ಕಿತ್ತುಕೊಂಡಾನು' ಎಂದು ಸುಮ್ಮನಿರುತ್ತಾನೆ. ಮೊಮ್ಮಗನು 'ಫೋನು ಕಿತ್ತುಕೊಂಡಾರು' ಎಂದು ಸುಮ್ಮನಿರುತ್ತಾನೆ. ಒಂದೇ ಸೂರಿನ ಕೆಳಗೆ ಎರಡು ಕೋಣೆಗಳಲ್ಲಿ ಇಬ್ಬರು ಒಂದೇ ಕಾರಣಕ್ಕೆ ಮೌನವಾಗಿರುವುದು ಅಸಂಭವವೇನಲ್ಲ.

ನನ್ನ ಪರಿಚಯದ ನಿವೃತ್ತ ಅಧ್ಯಾಪಕರೊಬ್ಬರು ಹೀಗೆಯೇ ಹನ್ನೊಂದು ದಿನ ಬಾಯಿಬಿಡಲಿಲ್ಲ. ಕೊನೆಗೆ ಅವರ ಮುಖಭಾವವನ್ನು ಗಮನಿಸಿ ಕೇಳಿದವಳು ಹತ್ತನೆಯ ತರಗತಿಯ ಮೊಮ್ಮಗಳು. ಅವಳು ಬಯ್ಯಲಿಲ್ಲ, ನಗಲಿಲ್ಲ. 'ತಾತ, ನನಗೂ ಹೋದ ವರ್ಷ ಒಬ್ಬ ಹೀಗೇ ಮಾಡಿದ್ದ, ನಾನೂ ಹೇಳಿರಲಿಲ್ಲ' ಎಂದಳಂತೆ. ಹಣ ಮರಳಲಿಲ್ಲ, ಅಷ್ಟು ಹೊತ್ತಿಗೆ ಅದು ಹಲವು ಖಾತೆಗಳನ್ನು ದಾಟಿ ಹೋಗಿತ್ತು. ಅವರು ಈಗಲೂ ನನ್ನೊಡನೆ ಹೇಳುವುದು ಹಣದ ವಿಷಯವನ್ನಲ್ಲ, ಆ ಹನ್ನೊಂದು ರಾತ್ರಿಗಳ ವಿಷಯವನ್ನು.

ಆದುದರಿಂದ ಮೊದಲ ಗಂಟೆಯ ಮಹತ್ವವನ್ನು ತಮಗೆ ಒತ್ತಿ ಹೇಳಬೇಕಾಗಿದೆ. ಕೇಂದ್ರ ಗೃಹ ಮಂತ್ರಾಲಯದ ವ್ಯವಸ್ಥೆಯಾದ 1930 ಎಂಬ ಸಹಾಯವಾಣಿಗೆ ಕೂಡಲೇ ಕರೆ ಮಾಡಿದರೆ, ಹಣವು ಮುಂದಿನ ಖಾತೆಗಳಿಗೆ ಸಾಗುವ ಮುನ್ನ ಅದನ್ನು ತಡೆಹಿಡಿಯುವಂತೆ ಬ್ಯಾಂಕುಗಳಿಗೆ ಸೂಚನೆ ಹೋಗುವ ಏರ್ಪಾಡಿದೆ. ತಡವಾದಷ್ಟೂ ಆ ಸಾಧ್ಯತೆ ಕುಗ್ಗುತ್ತದೆ. ಖಾಸಗಿ ಚಿತ್ರಗಳ ವಿಷಯದಲ್ಲಿ, 2021ರ ಮಾಹಿತಿ ತಂತ್ರಜ್ಞಾನ ನಿಯಮಗಳ ಪ್ರಕಾರ, ದೂರು ಬಂದೊಡನೆ ಅತ್ಯಲ್ಪ ಅವಧಿಯಲ್ಲಿ ಅವುಗಳನ್ನು ತೆಗೆಯುವ ಹೊಣೆ ಆಯಾ ತಾಣದ ಮೇಲಿದೆ. ಬೆದರಿಕೆಗೆ ಗುರಿಯಾದ ಮಗುವು ಇಲ್ಲಿ ತಪ್ಪಿತಸ್ಥನಲ್ಲ, ದೂರುದಾರ. ಮಕ್ಕಳಿಗಾಗಿ 1098, ಹಿರಿಯ ನಾಗರಿಕರಿಗಾಗಿ 14567, ಮನಸ್ಸಿನ ಕ್ಷೋಭೆಗಾಗಿ 14416 ಸಂಖ್ಯೆಗಳಿವೆ. ಇವೆಲ್ಲವನ್ನೂ ನೆನಪಿಡುವುದು ಕಷ್ಟ. 1930 ಒಂದನ್ನಾದರೂ ಫೋನಿನಲ್ಲಿ ಅಲ್ಲ, ಅಡುಗೆಮನೆಯ ಕ್ಯಾಲೆಂಡರಿನ ಮೇಲೆ ಬರೆದಿಡಿ. ಫೋನು ವಂಚಕನ ಹಿಡಿತದಲ್ಲಿರುವ ಹೊತ್ತಿನಲ್ಲಿ ಫೋನಿನೊಳಗಿನ ಸಂಖ್ಯೆ ಕಣ್ಣಿಗೆ ಬೀಳುವುದಿಲ್ಲ.

ಧ್ವನಿ ಸಂದೇಶವನ್ನು ನಾನು ಹೊಗಳಿದೆ. ಈಗ ಯಂತ್ರಗಳು ಒಬ್ಬರ ಧ್ವನಿಯನ್ನು ಅನುಕರಿಸಿ, ಮೊಮ್ಮಗನು ಅಪಘಾತದಲ್ಲಿ ಸಿಲುಕಿ ಹಣ ಕೇಳುತ್ತಿರುವಂತೆ ನಟಿಸಬಲ್ಲವು ಎಂಬುದನ್ನೂ ಹೇಳದಿದ್ದರೆ ಅರ್ಧ ಸತ್ಯ ಹೇಳಿದಂತಾಗುತ್ತದೆ. ಇದಕ್ಕೆ ಮನೆಯವರು ಸೇರಿ ಒಂದು ಗುರುತಿನ ಪ್ರಶ್ನೆಯನ್ನು ಗೊತ್ತುಮಾಡಿಕೊಳ್ಳಬಹುದು. ನಾನು ಬಲ್ಲ ಒಂದು ಮನೆಯಲ್ಲಿ ಆ ಪ್ರಶ್ನೆ, 'ಅಜ್ಜಿಯ ತವರಿನ ಹಸುವಿನ ಹೆಸರೇನು?' ಎಂಬುದು. ಆ ಹಸು ತೀರಿ ಅರುವತ್ತು ವರ್ಷಗಳಾಗಿವೆ. ಅದರ ಹೆಸರು ಯಾವ ಜಾಲತಾಣದಲ್ಲಿಯೂ ಇಲ್ಲ; ಅಜ್ಜಿಯ ಬಾಯಿಂದ ಕಥೆ ಕೇಳಿದವರಿಗೆ ಮಾತ್ರ ಗೊತ್ತು.

ಕಿರಿಯರಲ್ಲಿ ನನ್ನದೊಂದು ವಿನಂತಿ ಇದೆ. ಮನೆಯ ಹಿರಿಯರು ಏನಾದರೂ ಕೇಳಿದಾಗ ಫೋನನ್ನು ಕಸಿದುಕೊಂಡು ನೀವೇ ಎರಡು ಕ್ಷಣದಲ್ಲಿ ಮಾಡಿಕೊಟ್ಟುಬಿಡುತ್ತೀರಿ. ಅದರಿಂದ ಅವರು ಕಲಿಯುವುದಿಲ್ಲ. ಎರಡನೆಯ ಬಾರಿ ಕೇಳಲು ಸಂಕೋಚಪಡುತ್ತಾರೆ. ಆ ಸಂಕೋಚದ ಬೆಲೆ ಏನೆಂಬುದನ್ನು ಈಗತಾನೇ ಹೇಳಿದ್ದೇನೆ. ಫೋನು ಅವರ ಕೈಯಲ್ಲಿಯೇ ಇರಲಿ, ಬೆರಳೂ ಅವರದೇ ಇರಲಿ. ನೀವು ಪಕ್ಕದಲ್ಲಿ ಕುಳಿತು ದಾರಿ ತೋರಿಸಿ. ತಾಯಿತಂದೆಯರಿಗೂ ಒಂದು ಮಾತು: ಮಗುವು ತಪ್ಪೊಪ್ಪಿಕೊಂಡ ದಿನವೇ ಫೋನು ಕಿತ್ತುಕೊಳ್ಳುವ ಶಿಕ್ಷೆಯನ್ನು ವಿಧಿಸಿದರೆ, ಮುಂದಿನ ಬಾರಿ ಆ ಮಗು ತಮ್ಮ ಬಳಿಗೆ ಬರುವುದಿಲ್ಲ. 2023ರಲ್ಲಿ ಸಂಸತ್ತು ಅಂಗೀಕರಿಸಿದ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆಯು, ಹದಿನೆಂಟು ವರ್ಷದೊಳಗಿನವರ ಮಾಹಿತಿಯನ್ನು ಬಳಸಲು ಪೋಷಕರ ಸಮ್ಮತಿ ಬೇಕೆಂದು ಹೇಳುತ್ತದೆ. ಸಮ್ಮತಿ ಕೊಡುವವರಿಗೆ ಆ ತಾಣವು ಏನೆಂಬುದೇ ತಿಳಿಯದಿದ್ದರೆ ಕಾಯ್ದೆಯಿಂದ ಹೆಚ್ಚಿನ ಪ್ರಯೋಜನವಾಗದು. ವಾರಕ್ಕೊಮ್ಮೆ ಮಗಳನ್ನೇ ಕೇಳಿ, ಅವಳಿಗೆ ಇಷ್ಟವಾದ ಕಿರುದೃಶ್ಯ ಯಾವುದು ಎಂದು. ಅದು ತಮಗೆ ರುಚಿಸದಿರಬಹುದು. ನನಗೂ ಬಹುಪಾಲು ರುಚಿಸುವುದಿಲ್ಲ.

ನನಗೆ ಕೊಟ್ಟ ಸಮಯ ಮುಗಿಯುತ್ತ ಬಂದಿದೆ. ಬಾಗಿಲ ಬಳಿಯ ಮೇಜಿನ ಮೇಲೆ ಸಹಾಯವಾಣಿಯ ಸಂಖ್ಯೆಗಳಿರುವ ಕರಪತ್ರಗಳು ಕನ್ನಡ, ತಮಿಳು ಎರಡು ಲಿಪಿಗಳಲ್ಲಿಯೂ ಇವೆ. ಮನೆಗೆ ಎರಡನ್ನೂ ಒಯ್ಯಿರಿ, ಒಂದು ಅಜ್ಜಿಗೆ, ಒಂದು ಮೊಮ್ಮಗಳಿಗೆ. ಹಿಂದಿನ ಸಾಲಿನಲ್ಲಿ ಬಹಳ ಹೊತ್ತಿನಿಂದ ಕೈ ಎತ್ತಿರುವ ತಾಯಿಯವರ ಪ್ರಶ್ನೆಯನ್ನು ಮೊದಲು ಕೇಳೋಣ.